ವಾರ್ಡ್‌ನಿಂದ ಆಂಬುಲೆನ್ಸ್‌ಗೆ, ಆಂಬುಲೆನ್ಸ್‌ನಿಂದ ವಾರ್ಡ್‌ಗೆ

ನರ್ಸಿಂಗ್ ಓದಿದವರಿಗೆ ಆಂಬುಲೆನ್ಸ್ ಹತ್ತುವ ದಾರಿ ಹತ್ತಿರ. ಇಎಂಟಿ, ಅಂದರೆ ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ತಂತ್ರಜ್ಞನ ಪ್ರಮಾಣಪತ್ರ ಹಿಡಿದವರಿಗೆ ನರ್ಸ್ ಆಗುವ ದಾರಿ ಬಹಳ ದೂರ. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾವಾದ ಜಿಎನ್‌ಎಂ ಮುಗಿಸಿ, ಹಿರಿಯೂರು ಕಡೆಯ ಹೆದ್ದಾರಿಯಲ್ಲಿ 108ರ ಇಎಂಟಿಯಾಗಿ ದುಡಿದು, ಈಗ ಮತ್ತೆ ಆಸ್ಪತ್ರೆಯ ಕ್ಯಾಷುಯಾಲ್ಟಿಯಲ್ಲಿರುವ ನನಗೆ ಕಿರಿಯರ ಫೋನು ತಪ್ಪುವುದಿಲ್ಲ. ಅವರು ಕೇಳುವುದಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಕೊಟ್ಟಿದ್ದೇನೆ.

ಮೊದಲು ಕಾಗದಪತ್ರ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಆಗಿದ್ದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಲಿ. ಗಾಡಿ ಹತ್ತಿದ ಮೇಲೆ ನವೀಕರಣ ಮರೆಯುವವರೇ ಹೆಚ್ಚು, ಆಸ್ಪತ್ರೆಗೆ ಮರಳುವಾಗ ಮೊದಲು ಕೇಳುವುದೇ ಅದನ್ನು. 108ರಲ್ಲಿ ನರ್ಸಿಂಗ್ ಓದಿದವರನ್ನೇ ಇಎಂಟಿಗಳನ್ನಾಗಿ ತೆಗೆದುಕೊಂಡು ತರಬೇತಿ ಕೊಡುವುದುಂಟು. ಖಾಸಗಿಯವರು ಬಿಎಲ್‌ಎಸ್, ಎಸಿಎಲ್‌ಎಸ್ (ಹೃದಯ ನಿಂತಾಗ ಜೀವ ಉಳಿಸುವ ಮೂಲ ಮತ್ತು ಮುಂದಿನ ಹಂತದ ತರಬೇತಿ) ಕಾರ್ಡ್ ಕೇಳಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕಾರ್ಡ್‌ಗೆ ಎರಡೇ ವರ್ಷ ಆಯುಸ್ಸು, ಆದ್ದರಿಂದ ಕೆಲಸ ಹುಡುಕುವ ಹೊತ್ತಿಗೆ ಮಾಡಿಸಿ. ಪ್ರತ್ಯೇಕ ಕೋರ್ಸ್ ಬೇಕೆಂದರೆ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ರೂಪಿಸಿದ ಬೇಸಿಕ್, ಅಡ್ವಾನ್ಸ್‌ಡ್ ಎಂಬ ಎರಡು ಹಂತಗಳಿವೆ. ಎರಡು ಭಾನುವಾರಗಳಲ್ಲಿ ಇಎಂಟಿ ಮಾಡಿಕೊಡುತ್ತೇವೆ ಎಂಬ ಫಲಕ ಕಂಡರೆ ಹಾಗೆಯೇ ಮುಂದೆ ನಡೆಯಿರಿ.

ಡ್ರಿಪ್ ಹಾಕುವುದು, ಹೆರಿಗೆ ಮಾಡಿಸುವುದು ನಿಮಗೆ ಗೊತ್ತಿರುತ್ತದೆ. ಗೊತ್ತಿರದಿರುವುದು ರಸ್ತೆ. ವಾರ್ಡ್‌ನಲ್ಲಿ ರೋಗಿ ಮಂಚದ ಮೇಲಿರುತ್ತಾನೆ, ಇಲ್ಲಿ ಹಳ್ಳದಲ್ಲಿ ಬಿದ್ದಿರುತ್ತಾನೆ. ಅವನ ಬಳಿ ಓಡುವ ಮುಂಚೆ ಡೀಸೆಲ್ ಸೋರುತ್ತಿದೆಯೇ, ಹಿಂದಿನಿಂದ ಬರುವ ಲಾರಿಗಳನ್ನು ಯಾರಾದರೂ ತಡೆದಿದ್ದಾರೆಯೇ ನೋಡಬೇಕು. ಇದನ್ನು ಕಲ್ಲೆದೆ ಎನ್ನುವವರಿದ್ದಾರೆ, ಅನ್ನಲಿ. ನೀವೂ ಬಿದ್ದರೆ ಇನ್ನೊಂದು ಗಾಡಿ ಕರೆಸಬೇಕಾಗುತ್ತದೆ.

ಸೈರನ್, ಎಂಜಿನ್ ಸದ್ದಿನ ನಡುವೆ ಸ್ಟೆತೊಸ್ಕೋಪ್‌ನಲ್ಲಿ ಏನೂ ಕೇಳಿಸದು. ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟಿ, ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಗಾಳಿ ತುಂಬಿ. ನಾಡಿ ಮಾಯವಾದ ಮೇಲೂ 20-30 ಅಂಕಿ ಏರಿಸಿ ನಿಧಾನವಾಗಿ ಬಿಡಿ. ನಾಡಿ ಮರಳಿ ಬೆರಳಿಗೆ ತಾಗಿದ ಅಂಕಿಯೇ ಮೇಲಿನ ಬಿಪಿ. ಕೆಳಗಿನದು ಈ ವಿಧಾನದಲ್ಲಿ ಸಿಗುವುದಿಲ್ಲ. ಜಾಗ ಖಾಲಿ ಬಿಡಿ, ಅಂದಾಜಿನ 80 ತುಂಬಬೇಡಿ. ಓಡುವ ಗಾಡಿಯಲ್ಲಿ ಸೂಜಿ ಹಾಕಲೇಬೇಕಾದರೆ ಪೈಲಟ್‌ಗೆ, 108ರಲ್ಲಿ ಚಾಲಕನನ್ನು ಹಾಗೆಯೇ ಕರೆಯುವುದು, ನಿಧಾನಿಸಲು ಹೇಳಿ. ಮೊಣಕಾಲನ್ನು ಸ್ಟ್ರೆಚರ್‌ನ ಕಂಬಿಗೆ ಒತ್ತಿಕೊಂಡರೆ ಕೈ ನಡುಗುವುದು ಕಡಿಮೆ.

ಆಮ್ಲಜನಕದ ಲೆಕ್ಕವನ್ನು ವಾರ್ಡ್‌ನಲ್ಲಿ ಯಾರೂ ಮಾಡುವುದಿಲ್ಲ, ಗೋಡೆಯಿಂದ ಬರುತ್ತಲೇ ಇರುತ್ತದೆ. ತುಂಬಿದ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಎರಡೂವರೆ ಗಂಟೆ. ದೂರದ ಜಿಲ್ಲಾಸ್ಪತ್ರೆಗೆ ಹೊರಡುವಾಗ ಸಿಲಿಂಡರಿನ ಮಾಪಕದ ಮುಳ್ಳು ಎಲ್ಲಿದೆ ಎಂದು ಹೊರಡುವ ಮೊದಲೇ ನೋಡಿ.

ವೈದ್ಯರು ಬರಲಿ ಎಂದು ಕಾಯುವ ಅಭ್ಯಾಸವನ್ನು ಮಾತ್ರ ಪೂರ್ತಿ ಬಿಡಬೇಡಿ, ಅದನ್ನು ಫೋನಿಗೆ ವರ್ಗಾಯಿಸಿ. ಕಾಲ್ ಸೆಂಟರಿನಲ್ಲಿ ವೈದ್ಯರಿರುತ್ತಾರೆ. ವಯಸ್ಸು, ಏನಾಯಿತು, ನಾಡಿ, ಬಿಪಿ, ಆಮ್ಲಜನಕದ ಪ್ರಮಾಣ, ಪ್ರಜ್ಞೆಯ ಮಟ್ಟ, ಏನು ಕೊಟ್ಟಿದ್ದೀರಿ: ಇಷ್ಟನ್ನು ಇದೇ ಕ್ರಮದಲ್ಲಿ ಅರ್ಧ ನಿಮಿಷದಲ್ಲಿ ಹೇಳಿ, ಅವರು ಹೇಳಿದ್ದನ್ನು ವೇಳೆಯೊಂದಿಗೆ ಬರೆದಿಟ್ಟುಕೊಳ್ಳಿ. ಕ್ಯಾಷುಯಾಲ್ಟಿಯಲ್ಲಿ ರೋಗಿಯನ್ನು ಒಪ್ಪಿಸುವಾಗಲೂ ಇದೇ ಮಾತು. ಈಗ ನಾನು ಆ ಬಾಗಿಲಿನ ಒಳಗಡೆ ನಿಂತು ಹೇಳುತ್ತಿದ್ದೇನೆ, ಚೀಟಿ ನೋಡದೆ ಹೇಳುವ ಇಎಂಟಿ ಬಂದರೆ ನಮಗೂ ಅರ್ಧ ಕೆಲಸ ಮುಗಿದಂತೆ.

ವಾರ್ಡ್‌ಗೆ ಮರಳುವ ಆಲೋಚನೆ ಇದ್ದರೆ ಅನುಭವ ಪತ್ರದ ಪದನಾಮ ಹೇಗಿರುತ್ತದೆ ಎಂದು ಸೇರುವಾಗಲೇ ಕೇಳಿ. ವಿದೇಶಕ್ಕೆ ಹೋಗುವವರಿಗಂತೂ ಇದು ಮುಖ್ಯ. ಬರೀ ಆಂಬುಲೆನ್ಸ್ ಕೆಲಸವನ್ನು ನರ್ಸಿಂಗ್ ಅನುಭವವೆಂದು ಎಲ್ಲರೂ ಒಪ್ಪುವುದಿಲ್ಲ.

ಇನ್ನು ಪಿಯುಸಿ ಮುಗಿಸಿ ಇಎಂಟಿ ಕೋರ್ಸ್ ಮಾಡಿದವರ ವಿಷಯ. ನರ್ಸಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಿಸುತ್ತೇವೆ ಎನ್ನುವ ದಲ್ಲಾಳಿಯನ್ನು ನಂಬಬೇಡಿ, ಅಂಥ ಅವಕಾಶವಿಲ್ಲ. ಗಾಡಿಯಲ್ಲಿ ಎಷ್ಟು ಜೀವ ಉಳಿಸಿದ್ದರೂ ಹಾಸಿಗೆ ಹಾಸುವುದರಿಂದಲೇ ಶುರು. ಬಿಎಸ್ಸಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಸಿಇಟಿಯನ್ನೂ ಬರೆಯಬೇಕು. ಜಿಎನ್‌ಎಂಗೆ ಕಲಾ, ವಾಣಿಜ್ಯ ವಿಭಾಗದವರೂ ಅರ್ಹರು. ರಾತ್ರಿ ಪಾಳಿಯಲ್ಲಿ ಗಾಡಿ, ಹಗಲು ಕಾಲೇಜು ಎಂಬ ಲೆಕ್ಕ ಹಾಕಬೇಡಿ. ಪ್ರಾಯೋಗಿಕ ತರಬೇತಿಯಲ್ಲಿ ನೂರಕ್ಕೆ ನೂರು ಹಾಜರಾತಿ ಆಗದೆ ಡಿಪ್ಲೊಮಾ ಕೈಗೆ ಬರುವುದಿಲ್ಲ. ಮೂರು ವರ್ಷ ಮನೆಯ ಖರ್ಚು ಹೇಗೆ ನಡೆಯುತ್ತದೆ ಎಂದು ಮೊದಲು ಕೂತು ಬರೆಯಿರಿ. ಅದು ಹೊಂದಿದರೆ ಜಿಎನ್‌ಎಂ ಸೇರಿ, ಬಿಎಸ್ಸಿ ಆಸೆಯನ್ನು ಜಿಎನ್‌ಎಂ ಆದವರು ಮಾಡುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಬಿಡಿ.