ಹೆಡ್‌ಲೈಟ್ ನೆಲ ನೋಡುತ್ತಿತ್ತು, ಕಾರಣ ಒಂದು ಪುಟ್ಟ ಪ್ಲಾಸ್ಟಿಕ್

ಮಳೆಗಾಲದ ರಾತ್ರಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬರುವಾಗ ಕಾರಿನ ಬಲಗಡೆ ಬೆಳಕು ಬಂಪರ್ ಮುಂದೆಯೇ ಬೀಳುತ್ತಿತ್ತು. ಮಂಜು ಬೇರೆ. ನಿಜಕ್ಕೂ ಭಯವಾಯಿತು.

ಗ್ಯಾರೇಜಿನಲ್ಲಿ ಇಡೀ ಲೈಟ್ ಬದಲಿಸಬೇಕು ಅಂದರು. ಸುಮ್ನೆ ಯಾಕೆ ಅಂತ ಬ್ಯಾಟರಿ ತಂತಿ ಕಳಚಿ, ಲೈಟ್ ಬಿಚ್ಚಿ ನೋಡಿದೆ. ಬೆಳಕನ್ನು ಮೇಲೆ ಕೆಳಗೆ ಮಾಡುವ ಅಡ್ಜಸ್ಟರ್ ಸ್ಕ್ರೂ ಇರುತ್ತದಲ್ವಾ, ಅದರ ತುದಿಯ ಗುಂಡು ಒಂದು ಪ್ಲಾಸ್ಟಿಕ್ ಬಟ್ಟಲಲ್ಲಿ ಕೂರುತ್ತದೆ. ಆ ಬಟ್ಟಲು ಸೀಳಿತ್ತು. ವರ್ಷಗಟ್ಟಲೆ ಬಿಸಿ ತಿಂದರೆ ಪ್ಲಾಸ್ಟಿಕ್ ಪೆಡಸಾಗುತ್ತದೆ.

ಹಳೇ ತುಂಡು ಹಿಡಿದು ಕುಶಾಲನಗರಕ್ಕೆ ಹೋದೆ. ಅದೇ ಅಳತೆಯದು ಸಿಕ್ಕಿತು. ಬಲ್ಬ್ ತೆಗೆದ ಜಾಗದಿಂದಲೇ ಕೈ ಹಾಕಿ ಕೂರಿಸಿ, ಗುಂಡನ್ನು ಒತ್ತಿದೆ. ಟಕ್ ಅಂತ ಸೇರಿತು. ಅಂಟು ಮಾತ್ರ ಹಾಕಬೇಡಿ, ಆ ಗುಂಡು ತಿರುಗಲೇಬೇಕು. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಜಿಡ್ಡು ಅಂಟಿದರೆ ಬೇಗ ಹೋಗುತ್ತದೆ. ಹಿಂದಿನ ರಬ್ಬರ್ ಮುಚ್ಚಳ ಬಿಗಿಯಾಗಿರಲಿ. ನಮ್ಮ ಮಳೆ ಗೊತ್ತಲ್ಲ!

ಬೆಳಕು ಹೊಂದಿಸಲು ಕಾಫಿ ಕಣಕ್ಕಿಂತ ಒಳ್ಳೆ ಜಾಗ ಇಲ್ಲ, ನೆಲ ಸಮತಟ್ಟು. ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ, ಲೈಟಿನ ಎತ್ತರಕ್ಕೆ ಗೆರೆ ಎಳೆದೆ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ 5 ಸೆಂಟಿಮೀಟರ್ ಕೆಳಗೆ ಬರುವವರೆಗೆ ಸ್ಕ್ರೂ ತಿರುಗಿಸಿದೆ. ಅವತ್ತು ರಾತ್ರಿಯೇ ಮತ್ತೆ ಘಾಟಿ ಇಳಿದೆ. ತಿರುವುಗಳೆಲ್ಲ ಚೆನ್ನಾಗಿ ಕಂಡವು.