ಡಮಾಮಿ ಬಿಟ್ಟು ಗದ್ದೆ ತೆಗೆದದ್ದು

ನಾನು ಸಾಗರದವನು. ಸಂಬಳ ಬರುವುದು ಯಲ್ಲಾಪುರದ ಕಡೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಿಂದ. ಕ್ಯಾಮೆರಾ ನನ್ನದೇ, ಕಂತು ಇನ್ನೂ ತೀರಿಲ್ಲ. ಸಿದ್ದಿಗಳ ಅರಣ್ಯ ಹಕ್ಕಿನ ಅರ್ಜಿ ತುಂಬಿಸುವುದು ಕೆಲಸ, ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡುವುದು ಹುಚ್ಚು.

ಮೊದಲ ವರ್ಷ ತೆಗೆದದ್ದೆಲ್ಲ ಡಮಾಮಿ ಎಂಬ ಚರ್ಮವಾದ್ಯದ ಬಡಿತಕ್ಕೆ ಸಿದ್ದಿಗಳು ಕುಣಿಯುವ ಕುಣಿತ, ಗುಂಗುರು ಕೂದಲಿನ ಮಕ್ಕಳು. ಹೊರಗಿನಿಂದ ಬಂದವರೆಲ್ಲ ತೆಗೆಯುವುದು ಅದನ್ನೇ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳಾದವು, ಬಹಳ ಜನ ಗುಲಾಮರಾಗಿಯೇ ಬಂದರು. ಈಗಲೂ ಬಸ್ಸಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ. ಉತ್ತರ ಅಚ್ಚ ಕನ್ನಡದಲ್ಲಿ ಬಂದರೆ ಕೇಳಿದವನೇ ತಬ್ಬಿಬ್ಬು. ನನ್ನ ಕ್ಯಾಮೆರಾ ಕೇಳುತ್ತಿದ್ದದ್ದೂ ಅದನ್ನೇ ಎಂದು ತಿಳಿಸಿದವರು ಒಬ್ಬ ಅಜ್ಜಿ: "ಯಾವಾಗ್ಲೂ ನಮ್ಮ ಕುಣಿತಾನೇ ಯಾಕೆ ತೆಗೀತೀ ತಮಾ? ನನ್ನ ಗದ್ದೆ ತೆಗಿ."

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಿಗೆ ಭೂಮಿ ಸಿಗಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿ ಇರಬೇಕು. ಕಾಗದ ಯಾರ ಹತ್ತಿರ ಇರುತ್ತದೆ? ಅಜ್ಜಿ ಬದು, ಬಾವಿ, ತಾನೇ ನೆಟ್ಟ ಹಲಸು ಎಲ್ಲ ತೋರಿಸುತ್ತ ನಡೆದರು. ನಲವತ್ತು ನಿಮಿಷ, ಒಳ್ಳೆಯ ಬೆಳಕು. ಖುಷಿಯಲ್ಲಿ ಒಯ್ದು, ಅರ್ಜಿ ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಗೆ ತೋರಿಸಿದೆ.

ನಡೆಯಲಿಲ್ಲ. ಆ ಕಾಯ್ದೆಯ ನಿಯಮಗಳಲ್ಲಿ 13ನೆಯದರ ಪ್ರಕಾರ ಹಿರಿಯರ ಹೇಳಿಕೆ ಸಾಕ್ಷಿಯೇ ಹೌದು, ಆದರೆ ಅರ್ಜಿದಾರರದ್ದಲ್ಲ, ಬೇರೆ ಹಿರಿಯರದ್ದು; ಅದೂ ಬರಹದಲ್ಲಿ. ಅರ್ಜಿ ತುಂಬಿಸುವವನಿಗೇ ಇದು ಹೊಳೆದಿರಲಿಲ್ಲ. ಪಕ್ಕದ ಮನೆಯ ಅಜ್ಜನನ್ನು ಹಿಡಿದೆ. ಅವರ ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಬರೆದಿಳಿಸಿದೆ, ಮರುದಿನ ಓದಿ ಹೇಳಿದೆ, ಎರಡು ಕಡೆ ತಿದ್ದಿಸಿ ಹೆಬ್ಬೆಟ್ಟು ಒತ್ತಿದರು.

ಒಂದೇ ಸಾಕ್ಷಿ ಸಾಲದು. ಮನೆ, ಬದು, ಮಟ್ಟ ಮಾಡಿದ ನೆಲವೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ನಾನು ಶೂಟ್ ಮಾಡುವ ರೀತಿಯೇ ಬದಲಾಯಿತು: ಮನೆ ಬಾಗಿಲಿನಿಂದ ಕೊನೆಯ ಬದುವಿನವರೆಗೆ ನಿಧಾನಕ್ಕೆ, ಎಲ್ಲೂ ಕತ್ತರಿಸದೆ. ಎಡಿಟರ್ ಗೆಳೆಯ "ಇದೇನು ಮೋಜಣಿಯೋ, ಸಿನಿಮಾವೋ" ಎಂದು ಬೈದ. ಅರ್ಜಿ ಇತ್ಯರ್ಥವಾಗದವರ ಮುಖ ಚಿತ್ರದಲ್ಲಿ ಹಾಕುವುದಿಲ್ಲ ಎಂದಾಗ ಇನ್ನೂ ಬೈದ.

ಕಳೆದ ಬೇಸಿಗೆಯಲ್ಲಿ ಅಂಗಳದಲ್ಲಿ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ಚಿತ್ರ ತೋರಿಸಿದೆವು. ಗದ್ದೆ ಬಂತು, ಬದು ಬಂತು. ಹಿಂದಿನಿಂದ ಯಾರೋ ಎದ್ದು, "ಆ ಹಲಸಿನಿಂದ ಆಚೆ ನಮ್ಮದು!" ಎಂದು ಕೂಗಿದರು. ಪ್ರೊಜೆಕ್ಟರ್ ನಿಲ್ಲಿಸಿ, ಟಾರ್ಚ್ ಹಿಡಿದು ಅರ್ಜಿಯ ಫೈಲು ಹುಡುಕಿದೆ.