ಫೋನಿನಲ್ಲಿ ಮಾತ್ರೆ ಡಬ್ಬಿ ನೋಡಿದ್ದು: ನನ್ನ ಅನುಭವ

ನಾನು ತುಮಕೂರಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ವಾರ್ಡಿನಲ್ಲಿ ನಮಗೇನು ಕೆಲಸ ಅಂತ ಈಗಲೂ ಕೇಳುವವರಿದ್ದಾರೆ. ಈ ಕೆಲಸಕ್ಕೆ ತಯಾರು ಮಾಡುವ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ ನಮ್ಮ ದೇಶದಲ್ಲಿ ಶುರುವಾಗಿದ್ದೇ 2008ರಲ್ಲಿ, ಹಾಗಾಗಿ ಕೇಳಿದರೆ ಬೇಜಾರಿಲ್ಲ. ಬರೆದ ಔಷಧಿಗಳು ಒಂದಕ್ಕೊಂದು ಹೊಂದುತ್ತವಾ, ಡೋಸ್ ಸರಿಯಿದೆಯಾ, ರೋಗಿ ಅದನ್ನು ಸರಿಯಾಗಿ ತಗೊಳ್ಳುತ್ತಿದ್ದಾರಾ ಅಂತ ನೋಡುತ್ತೇವೆ. ನನ್ನ ಸಂಶೋಧನೆ ಈ ಮೂರನೆಯದರ ಮೇಲೆ. ಡಿಸ್ಚಾರ್ಜ್ ಆಗಿ ಪಾವಗಡ, ಮಧುಗಿರಿ, ಶಿರಾ ಕಡೆಯ ಹಳ್ಳಿಗಳಿಗೆ ಹೋದ ವಯಸ್ಸಾದವರ ಮಾತ್ರೆಗಳನ್ನು ಫೋನಿನಲ್ಲೇ ಪರಿಶೀಲಿಸೋಕೆ ಆಗುತ್ತದಾ ಅಂತ. ಪಾವಗಡ ಇಲ್ಲಿಂದ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಬರೀ ಮಾತ್ರೆ ತೋರಿಸಲು ಯಾರು ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತುತ್ತಾರೆ?

ಎಥಿಕ್ಸ್ ಕಮಿಟಿ, ಒಪ್ಪಿಗೆ ಪತ್ರ ಎಲ್ಲ ಮಾಮೂಲು. ಒಪ್ಪಿಗೆಯನ್ನು ಡಿಸ್ಚಾರ್ಜ್‌ಗೆ ಮುಂಚೆ ವಾರ್ಡಿನಲ್ಲೇ, ಮಗನೋ ಸೊಸೆಯೋ ಎದುರಿಗಿದ್ದಾಗ ತಗೊಂಡರೆ ಆಮೇಲೆ ಕರೆ ಎತ್ತುತ್ತಾರೆ. ಇಲ್ಲದಿದ್ದರೆ ಲೋನ್ ಕೊಡುವವರು ಅಂದುಕೊಂಡು ಕಟ್ ಮಾಡುತ್ತಾರೆ.

ಫೋನಿನಲ್ಲಿ "ಯಾವ್ಯಾವ ಮಾತ್ರೆ ತಗೊಳ್ತೀರಾ?" ಅಂತ ಕೇಳಿ ಪ್ರಯೋಜನವಿಲ್ಲ. "ಬಿಪಿದೊಂದು, ಶುಗರ್‌ದೊಂದು, ಗ್ಯಾಸ್‌ದೊಂದು" ಅನ್ನುತ್ತಾರೆ, ಅಲ್ಲಿಗೆ ಮುಗೀತು. ನಾನು ಕೇಳುವುದೇ ಬೇರೆ: "ಅಜ್ಜಿ, ಮನೇಲಿರೋ ಮಾತ್ರೆ ಎಲ್ಲಾ ಒಂದು ಚಾಪೆ ಮೇಲೆ ಸುರೀರಿ. ಹಳೇದು, ಹೊಸದು, ತಾತನದು, ಎಲ್ಲಾ." ಆಮೇಲೆ ಮೊಮ್ಮಗನ ಕೈಲಿ ಪ್ರತಿ ಸ್ಟ್ರಿಪ್‌ನ ಹಿಂಬದಿಯ ಫೋಟೊ ವಾಟ್ಸಾಪ್‌ಗೆ ಹಾಕಿಸುತ್ತೇನೆ. ವಿಡಿಯೊ ಕಾಲ್‌ಗಿಂತ ಫೋಟೊನೇ ವಾಸಿ. ವಿಡಿಯೊದಲ್ಲಿ ಕೈ ನಡುಗುತ್ತದೆ, ನೆಟ್‌ವರ್ಕ್ ನಿಲ್ಲುತ್ತದೆ, ಅಕ್ಷರ ಕಾಣುವುದೇ ಇಲ್ಲ. ಇನ್ನೊಂದು ತಲೆನೋವು, ಕತ್ತರಿಸಿ ಕೊಟ್ಟ ಸ್ಟ್ರಿಪ್. ಮೆಡಿಕಲ್ ಸ್ಟೋರಿನಲ್ಲಿ ಐದು ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು ಅರ್ಧ, ಎಕ್ಸ್‌ಪೈರಿ ತಾರೀಕು ಅಂಗಡಿಯಲ್ಲೇ ಉಳಿದಿರುತ್ತದೆ. ಅಂಥ ತುಂಡು ಬಂದರೆ ಬಿಲ್ ಹುಡುಕಿಸುತ್ತೇನೆ, ಸಿಗದಿದ್ದರೆ 'ಗುರುತಿಸಲಾಗಲಿಲ್ಲ' ಅಂತಲೇ ಬರೆಯುತ್ತೇನೆ. ಬಣ್ಣ ನೋಡಿ ಊಹೆ ಮಾಡುವುದು ಮಾತ್ರ ಬೇಡ.

ಒಬ್ಬ ಅಜ್ಜಿಯ ಚಾಪೆ ಮೇಲೆ ಟೆಲ್ಮಿಸಾರ್ಟಾನ್ ಅನ್ನೋ ಒಂದೇ ಬಿಪಿ ಮಾತ್ರೆ ಎರಡು ಹೆಸರಲ್ಲಿತ್ತು. ಒಂದು ಜನೌಷಧಿ ಕೇಂದ್ರದ್ದು, ಇನ್ನೊಂದು ಕಂಪನಿ ಬ್ರ್ಯಾಂಡ್. ಎರಡನ್ನೂ ದಿನಾ ನುಂಗುತ್ತಿದ್ದರು, ಎದ್ದರೆ ತಲೆ ಸುತ್ತು. ದೂರದಿಂದಲೇ ಡಾಕ್ಟರ್ ಸಲಹೆ ಕೊಡಿಸುವ ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರ್ ಹತ್ತಿರ ಮಾತಾಡಿದಾಗ "ಬಿಪಿ ಮಾತ್ರೆ ತಗೊಳ್ತಿದ್ದೀನಿ" ಅಂದಿದ್ದರಂತೆ. ಎಷ್ಟು, ಯಾವುದು ಅಂತ ಆ ಕಡೆ ಕೂತ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ದೂರದ ಚಿಕಿತ್ಸೆ ಒಳ್ಳೆಯದೇ, ನಾನು ಅದರ ಪರ. ಆದರೆ ಮಾತ್ರೆಗಳ ಸರಿಯಾದ ಪಟ್ಟಿ ಕೈಯಲ್ಲಿಲ್ಲದಿದ್ದರೆ ಹೊಸ ಚೀಟಿ ಹಳೆಯದರ ಮೇಲೆ ಬಂದು ಕೂರುತ್ತದೆ ಅಷ್ಟೇ.

ಇನ್ಸುಲಿನ್ ತಗೊಳ್ಳುವವರಿಗೆ ಮೊದಲ ಪ್ರಶ್ನೆ: "ಸಿರಿಂಜ್ ಮುಚ್ಚಳ ಯಾವ ಬಣ್ಣ?" ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನದು. 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್. ಉಲ್ಟಾ ಆದರೆ ಇನ್ನೂ ಅಪಾಯ: 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಅದೇ 20ಕ್ಕೆ ಎಳೆದರೆ 50 ಯೂನಿಟ್. ಓದು ಬರಹ ಇಲ್ಲದವರೂ ಬಣ್ಣ ಹೇಳಬಲ್ಲರು.

ಜಾಸ್ತಿ ಕಾಡಿದ್ದು ನೋವಿನ ಮಾತ್ರೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ವರ್ಷಗಟ್ಟಲೆ ಆ ನೀರು ಕುಡಿದವರಿಗೆ ಕೀಲು, ಬೆನ್ನು ಹಿಡಿದುಕೊಳ್ಳುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಅಂಗಡಿಯಲ್ಲಿ ಕೇಳಿದರೆ ಸಿಕ್ಕಿಬಿಡುತ್ತದೆ. ಪಟ್ಟಿ ಹೇಳುವಾಗ ಅದನ್ನು ಯಾರೂ ಹೇಳುವುದಿಲ್ಲ. "ಅದು ಮಾತ್ರೆ ಅಲ್ಲ ಕಣಮ್ಮ, ನೋವಿಗೆ ಸುಮ್ನೆ ಒಂದು ತಗೊಳ್ಳೋದು" ಅಂದರು ಒಬ್ಬ ತಾತ. ಅವರು ಬಿಪಿಗೆ ಟೆಲ್ಮಿಸಾರ್ಟಾನ್ ಜೊತೆ ನೀರು ಇಳಿಸುವ ಮಾತ್ರೆ ಸೇರಿದ್ದನ್ನು ತಗೊಳ್ಳುತ್ತಿದ್ದರು. ಈ ಮೂರು ಒಟ್ಟಿಗೆ ಸೇರಿದರೆ ಕಿಡ್ನಿಗೆ ಕಷ್ಟ. ನೀರಿನ ಮಾತ್ರೆ ಮೈಯ ನೀರು ಕಮ್ಮಿ ಮಾಡುತ್ತದೆ, ನೋವಿನ ಮಾತ್ರೆ ಕಿಡ್ನಿಯ ಸೋಸುವ ಜಾಗಕ್ಕೆ ರಕ್ತ ಬರುವ ದಾರಿ ಕಿರಿದು ಮಾಡುತ್ತದೆ, ಬಿಪಿ ಮಾತ್ರೆ ಅಲ್ಲಿಂದ ಆಚೆ ಹೋಗುವ ದಾರಿ ಅಗಲ ಮಾಡುತ್ತದೆ. ಒಳಗೆ ಒತ್ತಡವೇ ಉಳಿಯದಿದ್ದರೆ ಸೋಸುವುದು ಹೇಗೆ? ಬೇಸಿಗೆಯಲ್ಲಿ, ಭೇದಿ ಆದಾಗ ಇನ್ನೂ ಬೇಗ ಕೆಡುತ್ತದೆ.

ಮಾತ್ರೆ ನಿಲ್ಲಿಸಿ ಅಂತ ನಾನೇ ಹೇಳುವ ಹಾಗಿಲ್ಲ. ಬರೆದ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸುತ್ತೇನೆ. ಅವರು ಬದಲಾಯಿಸಿದ್ದನ್ನು ಮನೆಯವರಿಗೆ ಹೇಳಿ, ಅವರ ಬಾಯಲ್ಲೇ ತಿರುಗಿ ಹೇಳಿಸುತ್ತೇನೆ. ಪ್ರತಿ ತಪ್ಪನ್ನೂ, ಔಷಧಿ ತಪ್ಪಿನಿಂದ ರೋಗಿಗೆ ಎಷ್ಟು ಹಾನಿಯಾಯಿತು ಅಂತ ವಿಂಗಡಿಸುವ ಎನ್‌ಸಿಸಿ ಮೆರ್ಪ್ ಪಟ್ಟಿಯಲ್ಲಿ ಎ ಯಿಂದ ಐ ವರೆಗೆ ಎಲ್ಲಿ ಸೇರಿಸಬೇಕು ಅಂತ ಇಬ್ಬರು ಬೇರೆ ಬೇರೆ ಕೂತು ಗುರುತಿಸುತ್ತೇವೆ. ಅಡ್ಡಪರಿಣಾಮದ ಅನುಮಾನ ಇದ್ದರೆ ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ಸರ್ಕಾರಿ ಕಾರ್ಯಕ್ರಮ ಪಿವಿಪಿಐಗೆ ವರದಿ ಹೋಗುತ್ತದೆ. ಅಂದ ಹಾಗೆ, ಅಲ್ಲಿಗೆ ರೋಗಿಗಳೂ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ಹೇಳಬಹುದು. ಇದು ಎಷ್ಟು ಜನಕ್ಕೆ ಗೊತ್ತು?

ಆ ತಾತನಿಗೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್ ಟೆಸ್ಟ್ ಮಾಡಿಸಿ, ಡಾಕ್ಟರ್ ನೋವಿನ ಮಾತ್ರೆ ಬಿಡಿಸಿ ಪ್ಯಾರಾಸಿಟಮಾಲ್ ಬರೆದರು. "ಇದು ಜ್ವರದ ಮಾತ್ರೆ ಅಲ್ವೇನಮ್ಮ, ಇದಕ್ಕೆ ನೋವು ಹೋಗುತ್ತಾ?" ಅಂತ ತಾತ ಕೇಳಿದರು. ಪೂರ್ತಿ ಹೋಗದು, ನಿಜ. ಹಚ್ಚುವ ಜೆಲ್ಲೂ ಸ್ವಲ್ಪ ಹೊತ್ತಿಗಷ್ಟೇ. ಹಾಗಾಗಿ ಈಗ ನಮ್ಮ ಫಾರಂನಲ್ಲಿ "ಮೈಕೈ ನೋವಿಗೆ ಅಂಗಡಿಯಿಂದ ಏನು ತರಿಸ್ತೀರಾ?" ಅಂತ ಬೇರೆ ಸಾಲೇ ಇದೆ, ಅದನ್ನು ರೋಗಿಗೂ ಕೇಳುತ್ತೇವೆ, ಅಂಗಡಿಗೆ ಹೋಗಿ ಬರುವ ಮೊಮ್ಮಗನಿಗೂ ಕೇಳುತ್ತೇವೆ.